ಗುರುತು ಹೇಳಿ ಪಡೆದ ಬೀಗ

ನನ್ನ ಹೆಂಡತಿಯ ತಮ್ಮನಿಗೆ ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಬಸ್ ಡಿಪೋದಲ್ಲಿ ಅವನು ಕೊಡೆರಾಯ. ಬಸ್ಸಿನಲ್ಲಿ ಜನ ಮರೆತುಹೋದ ಸಾಮಾನುಗಳನ್ನು ಕಾಯುವುದು ಅವನ ಕೆಲಸ. ಜನ ಮರೆಯುವುದರಲ್ಲಿ ಮುಕ್ಕಾಲು ಪಾಲು ಕೊಡೆಗಳು. ಉಳಿದ ಕಾಲು ಪಾಲಿನಲ್ಲಿ ಊಟದ ಡಬ್ಬಿ, ಕನ್ನಡಕ, ಒಂಟಿ ಚಪ್ಪಲಿ, ಊರುಗೋಲು, ಒಮ್ಮೆ ಒಂದು ಸಾಲು ಕಟ್ಟಿಸಿದ ಹಲ್ಲು. ಕೋಲೂರಿಕೊಂಡು ಹತ್ತಿದವನು ಕೋಲು ಬಿಟ್ಟು ಹೇಗಯ್ಯಾ ಇಳಿದ ಎಂದು ನಾನು ಕೇಳಿದರೆ, "ಭಾವ, ನಮ್ಮ ಕಂಡಕ್ಟರುಗಳು ಇಳಿಸೋ ರಭಸಕ್ಕೆ ಕೋಲಿನ ನೆನಪು ಎಲ್ಲಿ ಬರುತ್ತೆ" ಎನ್ನುತ್ತಾನೆ.

ಟಿಕೆಟ್ ಕೋಣೆಯ ಪಕ್ಕದ ಓಣಿ ಎಲ್ಲಿ ಮುಗಿಯುತ್ತದೋ ಅಲ್ಲಿ ಅವನ ಕೋಣೆ. ಕೈಗೆ ಎಟುಕದ ಒಂದು ಕಿಟಕಿ, ಮೂರು ಕಬ್ಬಿಣದ ಕಪಾಟು, ಒಂದೊಂದು ಸಾಮಾನಿಗೂ ದಾರ ಕಟ್ಟಿದ ರಟ್ಟಿನ ಚೀಟಿ. ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ಹಲಗೆ: "ಗುರುತು ಹೇಳಿ, ಸಾಮಾನು ಪಡೆಯಿರಿ." ಈ ನಾಲ್ಕು ಶಬ್ದಕ್ಕೆ ಇವನು ಕೊಟ್ಟಷ್ಟು ಮರ್ಯಾದೆಯನ್ನು ಜನ ಕೋರ್ಟಿನ ತೀರ್ಪಿಗೂ ಕೊಡುವುದಿಲ್ಲ. ಒಂದು ಸಲ ನಾನು ಕೂತಿದ್ದಾಗಲೇ ಒಬ್ಬ ಮುದುಕಿ ಬಂದು ಕರೀ ಕೊಡೆ ಕೇಳಿದಳು.

"ಇಲ್ಲಿ ನೂರಾ ಹನ್ನೊಂದು ಕರೀ ಕೊಡೆ ಇದಾವಮ್ಮ. ನಿಮ್ಮದಕ್ಕೆ ಮಾತ್ರ ಇರೋ ಗುರುತು ಹೇಳಿ."

"ನನ್ನ ಹೊಟ್ಟೇಲಿ ಹುಟ್ಟಿದ ಮಕ್ಕಳಿಗೇ ನಾನು ಇಷ್ಟು ಗುರುತು ನೋಡಿಟ್ಟಿಲ್ಲ ಕಣಪ್ಪ."

"ಮಕ್ಕಳನ್ನ ಬಸ್ಸಲ್ಲಿ ಬಿಟ್ಟು ಹೋದಾಗ ಅದು ನೋಡೋಣ. ಈಗ ಕೊಡೆ ಗುರುತು ಹೇಳಿ."

ಮುದುಕಿ ಬಯ್ದಳು, ಕೂತಳು, ನೀರು ಕುಡಿದಳು, ಕೊನೆಗೆ ಮೂರನೆಯ ಕಡ್ಡಿಗೆ ಹಸಿರು ದಾರ ಕಟ್ಟಿದ್ದು ನೆನಪಾಯಿತು. ಆಗ ಕೊಡೆ ಕೈಗೆ ಬಂತು. ದಫ್ತರದಲ್ಲಿ 'ಗುರುತು ಸರಿ ಇದೆ' ಎಂದು ಬರೆದು, ಅವಳ ಹೆಬ್ಬೆಟ್ಟು ಒತ್ತಿಸಿ, ತಾನೂ ಸಹಿ ಹಾಕಿ ಕಳಿಸಿದ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು.

ಇಂಥವನಿಗೆ ಬೀಗ ಬಿಚ್ಚುವ ಹುಚ್ಚು ಹಿಡಿದದ್ದೂ ಈ ಕೆಲಸದಿಂದಲೇ. ಮರೆತ ಪೆಟ್ಟಿಗೆ ಬಂದರೆ ಒಳಗೆ ಏನಿದೆ ಎಂದು ಪಟ್ಟಿ ಮಾಡಬೇಕು. ಪೆಟ್ಟಿಗೆಗೆ ಬೀಗ ಇರುತ್ತದೆ, ಕೀಲಿಕೈ ವಾರಸುದಾರನ ಜೇಬಿನಲ್ಲಿರುತ್ತದೆ. ಮೊದಮೊದಲು ಬೀಗ ಒಡೆಯುತ್ತಿದ್ದರು. ಇವನಿಗೆ ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದು ಪೆಟ್ಟಿಗೆಯವನ ಮೇಲೆ ಅಲ್ಲ, ಬೀಗದ ಮೇಲೆ. ಹಾಗೆ ತಂತಿ ಹಾಕಿ ಕೆದಕುತ್ತ ಕೆದಕುತ್ತ ಕಲಿತ. ಮನೆಯಲ್ಲಿ ನಲವತ್ತಮೂರು ಬೀಗ ಕೂಡಿಹಾಕಿಕೊಂಡ. ಸಂಜೆ ಆರಾದರೆ ಊಟದ ಮೇಜಿನ ಮೇಲೆ ಹಳೆಯ ಟವೆಲು ಹಾಸಿ ಕೂರುತ್ತಿದ್ದ. ಹೆಂಡತಿ ತಟ್ಟೆ ತಂದರೆ ಇಡಲು ಜಾಗ ಇರುತ್ತಿರಲಿಲ್ಲ.

ಹತಾರ ಮಾಡಿಕೊಟ್ಟ ತಪ್ಪು ನನ್ನದು. ನಾನು ನಲವತ್ತು ವರ್ಷ ಲೇತು ತಿರುಗಿಸಿದವನು. ಯಾರೂ ಕೂರಿಸಿಕೊಂಡು ಕಲಿಸಲಿಲ್ಲ, ನೋಡಿ ನೋಡಿ ಕಲಿತೆ. ಬಸ್ಸಿನ ಗಾಜು ಒರೆಸುವ ವೈಪರಿನ ರಬ್ಬರಿನೊಳಗೆ ಒಂದು ತೆಳ್ಳನೆಯ ಉಕ್ಕಿನ ಪಟ್ಟಿ ಇರುತ್ತದೆ. ಸವೆದ ವೈಪರು ಡಿಪೋದಲ್ಲಿ ರಾಶಿ ರಾಶಿ. ಅದನ್ನು ನಾನು ಕಲ್ಲಿಗೆ ಹಿಡಿದು ತೀಡಿ, ಒಂದಕ್ಕೆ ತುದಿ ಬಗ್ಗಿಸಿ, ಇನ್ನೊಂದಕ್ಕೆ ಕೊಕ್ಕೆ ಮಾಡಿ ಕೊಟ್ಟೆ. ಬಗ್ಗಿಸಿದ ಪಟ್ಟಿಯಿಂದ, ಕೀಲಿಕೈ ಹೋಗುವ ಬೀಗದ ತಿರುಳನ್ನು ಒಂದು ಚೂರು ತಿರುಗಿಸಿ ಹಿಡಿಯಬೇಕು. ಕೊಕ್ಕೆಯಿಂದ ಒಳಗಿನ ಪಿನ್ನುಗಳನ್ನು ಒಂದೊಂದಾಗಿ ಎತ್ತಬೇಕು. ಎಲ್ಲವೂ ತಮ್ಮ ತಮ್ಮ ಎತ್ತರಕ್ಕೆ ಬಂದಾಗ ತಿರುಳು ತಿರುಗುತ್ತದೆ, ಕೊಂಡಿ ಟಕ್ಕೆಂದು ಏಳುತ್ತದೆ. ಹೇಳಲು ಇಷ್ಟೇ. ಮಾಡಲು ಕೂತರೆ ಬೆರಳು ಮರಗಟ್ಟುತ್ತದೆ.

ಒಳ್ಳೆಯ ಬೀಗಗಳಲ್ಲಿ ಇನ್ನೊಂದು ತರಲೆ ಇದೆ. ಒಳಗಿನ ಪಿನ್ನು ನೆಟ್ಟಗಿರುವುದಿಲ್ಲ. ದಾರದ ರೀಲಿನಂತೆ ನಡು ಸಣ್ಣ. ತಂತಿ ಹಾಕಿದವನಿಗೆ ತಿರುಳು ಒಂದು ಕೂದಲೆಳೆ ತಿರುಗಿ ಆಸೆ ತೋರಿಸುತ್ತದೆ, ಆಮೇಲೆ ಪಿನ್ನಿನ ನಡು ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತದೆ. ಇನ್ನೇನು ಬಂತು ಎಂದು ಒತ್ತಿದಷ್ಟೂ ಬಿಗಿ. ಕೈ ಸಡಿಲ ಬಿಟ್ಟು, ತಿರುಗಿದ್ದನ್ನು ಒಂದಿಷ್ಟು ಹಿಂದಕ್ಕೆ ಹೋಗಗೊಟ್ಟರೆ ಮಾತ್ರ ಮುಂದಿನ ದಾರಿ. ಕಳ್ಳರನ್ನು ತಡೆಯಲೆಂದು ಇಟ್ಟ ಈ ಪಿನ್ನಿಗೆ ಕೊಡೆರಾಯ ಇಟ್ಟ ಹೆಸರು ಕಳ್ಳಪಿನ್ನು. ಮಗಳಿಗೆ ಹೆಸರಿಡುವಾಗಲೂ ಇಷ್ಟು ಪ್ರೀತಿಯಿಂದ ಇಟ್ಟಿರಲಿಲ್ಲ.

ಅವನಿಗೆ ಎರಡು ನೇಮ ಇದ್ದವು. ಮರೆತ ಪೆಟ್ಟಿಗೆಗಳದ್ದು ಬಿಟ್ಟು ಪರರ ಬೀಗ ಮುಟ್ಟಬಾರದು. ಬಳಕೆಯಲ್ಲಿರುವ ಬೀಗ ಮುಟ್ಟಬಾರದು. ಒಂದು ಸಂಜೆ ಎರಡನ್ನೂ ಒಟ್ಟಿಗೆ ಮುರಿದ.

ಅವನ ಕೋಣೆಯ ಬಾಗಿಲಿಗೆ ಇಲಾಖೆ ಕೊಟ್ಟದ್ದು ಒಂದು ಹಿತ್ತಾಳೆಯ ಬೀಗ, ಹೊಟ್ಟೆಯ ಮೇಲೆ ನಂಬರು ಕೆತ್ತಿದ್ದು. ಒತ್ತಿದರೆ ತಾನೇ ಕೂರುತ್ತದೆ, ತೆಗೆಯಲು ಕೀಲಿಕೈ ಬೇಕು. ಕೀಲಿಕೈ ಎರಡು: ಒಂದು ಇವನ ಹತ್ತಿರ, ಇನ್ನೊಂದು ಡಿಪೋ ಮ್ಯಾನೇಜರ ಬೀರುವಿನಲ್ಲಿ, ಅರಗಿನ ಮುದ್ರೆ ಹಾಕಿದ ಲಕೋಟೆಯೊಳಗೆ. ಆ ಬೀಗದಲ್ಲಿ ಕಳ್ಳಪಿನ್ನು ಇರಲಿಲ್ಲ. ಜೋರಾಗಿ ಸೀನಿದರೆ ತೆರೆದುಕೊಳ್ಳುವ ಬೀಗ, ನೂರಾ ಹನ್ನೊಂದು ಕೊಡೆಗಳಿಗೆ ಅವಮಾನ ಎಂದು ಇವನಿಗೆ ಅನ್ನಿಸಿತು. ಅಂದು ಬಾಗಿಲಿಗೆ ತನ್ನದೊಂದು ಬೀಗ ಜಡಿದು, ಇಲಾಖೆಯ ಬೀಗವನ್ನು ಮನೆಗೆ ತಂದು, ಕೊಂಡಿಯ ತೂತಿನೊಳಗಿನ ಸಣ್ಣ ತಿರುಪು ಬಿಚ್ಚಿ, ಹಳೆಯ ಪಿನ್ನುಗಳನ್ನು ತೆಗೆದು, ನಾಲ್ಕು ಕಳ್ಳಪಿನ್ನು ಕೂರಿಸಲು ಹೊರಟ. ಅಷ್ಟರಲ್ಲಿ ಹೆಂಡತಿ ಬಂದು, ತಟ್ಟೆ ಇಡಲೆಂದು ಟವೆಲಿನ ಒಂದು ಮೂಲೆ ಎಳೆದಳು.

ಎಳ್ಳಿನ ಗಾತ್ರದ ಪಿನ್ನುಗಳೆಲ್ಲ ಒಂದಾದವು. ಯಾವುದು ಮೇಲಿನದು, ಯಾವುದು ಕೆಳಗಿನದು, ಯಾವುದು ಪಕ್ಕದ ಬೀಗದ್ದು? ಹೆದರಿಕೆಗೆ ಬೇಗಬೇಗ ತುಂಬಿ, ತಿರುಪನ್ನು ಸಿಕ್ಕ ಸ್ಕ್ರೂಡ್ರೈವರಿನಿಂದ ಬಿಗಿದ. ತಿರುಪಿನ ತಲೆ ಸವೆದು ಗುಂಡಗಾಯಿತು. ಕೀಲಿಕೈ ಹಾಕಿದರೆ ಬೀಗ ಅಲುಗಲಿಲ್ಲ. ಮತ್ತೆ ಬಿಚ್ಚೋಣವೆಂದರೆ ತಿರುಪಿಗೆ ತಲೆಯೇ ಇಲ್ಲ. ಕೊರೆದು ತೆಗೆದರೆ ಇಲಾಖೆಯ ಸ್ವತ್ತಿನ ಮೇಲೆ ಗಾಯ.

ಮರುದಿನ ಬೆಳಗ್ಗೆಯೇ ನನ್ನ ಮನೆಗೆ ಬಂದ. ಮುಖ ಹರಳೆಣ್ಣೆ ಕುಡಿದವನ ಹಾಗಿತ್ತು.

"ಮ್ಯಾನೇಜರಿಗೆ ಹೇಳಿಬಿಡು" ಎಂದೆ.

"ಏನಂತ ಹೇಳಲಿ ಭಾವ? ಜನಗಳ ಸಾಮಾನು ಕಾಯೋನು ಮನೇಲಿ ಬೀಗ ಬಿಚ್ಚೋ ಅಭ್ಯಾಸ ಮಾಡ್ತಾನೆ ಅಂತಲಾ? ನಾಳೆಯಿಂದ ಒಂದು ಕೊಡೆ ಕಡಿಮೆಯಾದರೂ ನನ್ನ ಕಡೆಗೇ ನೋಡ್ತಾರೆ."

ಅದೂ ಸುಳ್ಳಲ್ಲ. ಹಾಗಾಗಿ ಕೊಡೆರಾಯ ಇಲಾಖೆಯ ನಂಬರಿನ ಬೀಗವನ್ನೇ ಮತ್ತೆ ಬಾಗಿಲಿಗೆ ಹಾಕಿ, ಸುಲಭದ ದಾರಿ ಹಿಡಿದ. ದಿನಾ ಬೆಳಗ್ಗೆ ಎಂಟಕ್ಕೆ ತೆರೆಯಬೇಕಾದ ಕೋಣೆಗೆ ಏಳೂಕಾಲಿಗೆ ಹೋಗಿ, ಓಣಿಯಲ್ಲಿ ಯಾರೂ ಇಲ್ಲದ್ದು ನೋಡಿ, ನಾನು ಮಾಡಿಕೊಟ್ಟ ಪಟ್ಟಿ ಕೊಕ್ಕೆಗಳಿಂದ ತನ್ನ ಕೋಣೆಯ ಬೀಗವನ್ನು ತಾನೇ ಕಳ್ಳನಂತೆ ತೆರೆಯುವುದು. ಕೀಲಿಕೈ ಬರಿಯ ಅಲಂಕಾರಕ್ಕೆ ಸೊಂಟದಲ್ಲಿ ತೂಗುವುದು. ಮೊದಲ ದಿನ ನಲವತ್ತು ನಿಮಿಷ ಹಿಡಿಯಿತು. ಜಗತ್ತಿನಲ್ಲಿ ಯಾರೂ ತೆರೆಯಬಾರದೆಂದು ತಾನೇ ಇಟ್ಟ ನಾಲ್ಕು ಕಳ್ಳಪಿನ್ನುಗಳು. ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿದ್ದವು.

ಈಗ ರಜೆ ಹಾಕುವಂತಿಲ್ಲ. ಇವನು ಬಾರದಿದ್ದರೆ ಬದಲಿಗೆ ಬರುವವನು ಟಿಕೆಟ್ ಗುಮಾಸ್ತ, ಅವನು ಕೀಲಿಕೈ ಕೇಳುತ್ತಾನೆ. ವಾರದ ರಜೆಯನ್ನೂ ಇವನು ಬಿಟ್ಟುಕೊಟ್ಟ. ಜ್ವರ ಬಂದರೂ ಹೋದ. ಸೊಂಟ ಹಿಡಿದರೂ ಹೋದ. ವರ್ಷ ತುಂಬಿದಾಗ ಡಿಪೋದಲ್ಲಿ ಸಭೆ ಮಾಡಿ, ಒಂದು ದಿನವೂ ರಜೆ ಹಾಕದ ಏಕೈಕ ನೌಕರ ಎಂದು ಗಾಜಿನ ಚೌಕಟ್ಟಿನ ಪ್ರಶಸ್ತಿ ಪತ್ರ ಕೊಟ್ಟರು. "ಬಾಗಿಲು ತೆರೆಯೋದರಲ್ಲಿ ಇವರಿಗಿರೋ ಶ್ರದ್ಧೆ ನಿಮಗೆಲ್ಲ ಮಾದರಿ" ಎಂದು ಮ್ಯಾನೇಜರು ಭಾಷಣ ಮಾಡಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಅಷ್ಟು ನಿಜವಾದ ಮಾತನ್ನು ಸಭೆಗಳಲ್ಲಿ ನಾನು ಕೇಳಿದ್ದು ಕಡಿಮೆ.

ಇದೇ ವರ್ಷದಲ್ಲಿ ಅವನ ಮಗಳಿಗೆ ಹೆಣ್ಣು ಮಗುವಾಯಿತು. ಮಗಳಿರುವ ಊರಿಗೆ ಬಸ್ಸಿನಲ್ಲಿ ಒಂಬತ್ತು ಗಂಟೆ. ಇವನ ಜೇಬಿನಲ್ಲಿ ಎಲ್ಲಿಗೆ ಬೇಕಾದರೂ ಪುಕ್ಕಟೆ ಹೋಗಬಹುದಾದ ಪಾಸು. ಹೆಂಡತಿ ಹೋಗಿ ಬಾಣಂತನ ಮುಗಿಸಿ ಬಂದಳು. ಇವನು ಹೋಗಲಿಲ್ಲ. ಮಗು ಮಗುಚಿತು, ಅಂಬೆಗಾಲಿಟ್ಟಿತು. ಇವನು ಫೋಟೋ ನೋಡಿ ಮೂಗು ನಮ್ಮ ಕಡೆಯದು ಎಂದ. ಮಗಳು ಫೋನಿನಲ್ಲಿ, "ಅಪ್ಪ, ನೀನು ಬರೋದು ಬೇಡ ಬಿಡು. ಇವಳನ್ನೇ ಬಸ್ಸಲ್ಲಿ ಮರೆತು ಬಿಟ್ಟುಬಿಡ್ತೀನಿ. ನಿನ್ನ ಕೋಣೆಗೇ ಬಂದು ಸೇರ್ತಾಳೆ" ಎಂದಳಂತೆ. ಅದನ್ನು ನನಗೆ ಹೇಳುವಾಗ ನಗಲು ಹೋದ, ಆಗಲಿಲ್ಲ.

ಸಿಕ್ಕಿಬಿದ್ದದ್ದು ಊಟದ ಡಬ್ಬಿಯಿಂದ. ಒಂದು ಬೆಳಗ್ಗೆ ಡಬ್ಬಿ ಮರೆತು ಹೋದ. ಹೆಂಡತಿ ಅದನ್ನು ಹಿಡಿದು ಹಿಂದೆಯೇ ಹೋದಳು. ಓಣಿಯ ಕೊನೆಯಲ್ಲಿ ಗಂಡ ಮೊಣಕಾಲೂರಿ, ಬಾಗಿಲಿಗೆ ಕಿವಿ ಹಚ್ಚಿ, ಎರಡು ತಂತಿ ಹಿಡಿದು ಬೆವರುತ್ತಿದ್ದ.

"ಏನ್ರೀ ಇದು, ಸ್ವಂತ ಕೋಣೆಗೇ ಕನ್ನ ಹಾಕ್ತಿದೀರಾ?"

ಮೂರು ಪಿನ್ನು ಕೂತಿದ್ದವು. ಅವಳ ದನಿಗೆ ಮೂರೂ ಬಿದ್ದವು. ಅಲ್ಲೇ ಎಲ್ಲವನ್ನೂ ಒಪ್ಪಿಕೊಂಡ. ಅವಳು ಡಬ್ಬಿಯನ್ನು ನೆಲದ ಮೇಲಿಟ್ಟು ಕೇಳಿಸಿಕೊಂಡಳು. ಅವಳು ಗುಂಡಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಅಂಗಿಗೆ ಕಾಜ ತೆಗೆಯುವುದರಲ್ಲಿ ಪಳಗಿದ ಕೈ. ಮಾತೂ ಹಾಗೆಯೇ, ಸೂಜಿ ಚುಚ್ಚಿದ್ದು ಆಮೇಲೆ ಗೊತ್ತಾಗುತ್ತದೆ.

"ಅಂದರೆ ಮೊಮ್ಮಗಳಿಗಿಂತ ಈ ಬೀಗ ಹೆಚ್ಚಾಯ್ತು ಅನ್ನಿ."

"ಬೀಗ ಅಲ್ವೇ, ಮರ್ಯಾದೆ."

"ಮೊಣಕಾಲ ಮೇಲೆ ಕೂತಿದೆ ನೋಡಿ ಮರ್ಯಾದೆ, ಚೆನ್ನಾಗಿದೆ. ಮುಂದಿನ ತಿಂಗಳು ಮಗೂಗೆ ವರ್ಷ ತುಂಬುತ್ತೆ. ನಾನು ಹೊರಡ್ತೀನಿ. ನೀವು ಬರದೇ ಇದ್ದರೆ ಆಮೇಲೆ ನನ್ನನ್ನ ಹುಡುಕ್ಕೊಂಡು ಬರೋಕೂ ಗುರುತು ಹೇಳಬೇಕಾಗುತ್ತೆ."

ಅವಳು ಹೇಳಿದ್ದನ್ನು ಮಾಡುವ ಹೆಂಗಸು. ಈಗ ಕೊಡೆರಾಯನ ಮುಂದೆ ಎರಡೇ ದಾರಿ: ಮ್ಯಾನೇಜರ ಬಳಿ ಒಪ್ಪಿಕೊಂಡು ಹೆಸರು ಕೆಡಿಸಿಕೊಳ್ಳುವುದು, ಇಲ್ಲವೇ ಮೊಮ್ಮಗಳನ್ನೂ ಹೆಂಡತಿಯನ್ನೂ ಒಟ್ಟಿಗೆ ಕಳೆದುಕೊಳ್ಳುವುದು. ನೆಟ್ಟಗಿನ ತಲೆಯವರಿಗೆ ಹೊಳೆಯದ ಮೂರನೆಯ ದಾರಿಯೊಂದನ್ನು ಇವನು ಕಂಡುಹಿಡಿದ. ಬದಲಿಗೆ ಬರುವ ಟಿಕೆಟ್ ಗುಮಾಸ್ತನಿಗೆ ಬೀಗ ಬಿಚ್ಚುವುದನ್ನು ಕಲಿಸಿಬಿಡುವುದು.

ಆ ಗುಮಾಸ್ತ ಸಾಧು ಪ್ರಾಣಿ. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಲಾಖೆಯ ಯಾವ ಸುತ್ತೋಲೆಗೂ ಯಾಕೆ ಎಂದು ಕೇಳಿದವನಲ್ಲ. ನನ್ನ ಮನೆಯ ಜಗಲಿಯಲ್ಲೇ ಪಾಠ ನಡೆಯಿತು, ಅಂಥದ್ದೇ ಇನ್ನೊಂದು ಬೀಗ ಇಟ್ಟುಕೊಂಡು.

"ಕೀಲಿಕೈ ಎಲ್ಲಿ ಸಾರ್?"

"ಇದೇ."

"ಇದು ವೈಪರ್ ಪಟ್ಟಿ ಅಲ್ವಾ ಸಾರ್?"

"ಹಳೇ ಬೀಗ, ನಾಜೂಕು. ಕೀಲಿಕೈ ಹಾಕಿದರೆ ಸವೆಯುತ್ತೆ ಅಂತ ಈ ಪದ್ಧತಿ."

"ಹಾಗಾ" ಎಂದು ಗುಮಾಸ್ತ ಬರೆದುಕೊಂಡ. "ಹಾಗಾದರೆ ಎಲ್ಲರ ಮನೇಲೂ ಹೀಗೇ ಮಾಡಬೇಕಲ್ವಾ ಸಾರ್?"

"ಮಾಡಬಾರದು" ಎಂದೆವು, ನಾನೂ ಅವನೂ ಒಟ್ಟಿಗೆ.

ಮೂರು ವಾರ ಕಲಿಸಿದ. ಗುಮಾಸ್ತನ ಕೈ ಟಿಕೆಟ್ ಹರಿಯಲು ಮಾಡಿದ ಕೈ. ಹಿಡಿದದ್ದನ್ನು ಎಳೆಯುವುದು ಮಾತ್ರ ಗೊತ್ತು. "ಬಿಡಯ್ಯ, ಸ್ವಲ್ಪ ಸಡಿಲ ಬಿಡು, ಹಿಂದಕ್ಕೆ ಹೋಗಲಿ" ಎಂದರೆ, "ಬಂದಿದ್ದನ್ನ ಯಾಕೆ ಸಾರ್ ಬಿಡೋದು" ಎನ್ನುತ್ತಿದ್ದ. ಆದರೂ ಕೊನೆಯ ವಾರ ಎರಡು ಸಲ ಬೀಗ ತೆರೆದುಕೊಂಡಿತು. ಯಾಕೆ ತೆರೆಯಿತೆಂದು ಗುಮಾಸ್ತನಿಗೂ ತಿಳಿಯಲಿಲ್ಲ, ಬೀಗಕ್ಕೂ ತಿಳಿಯಲಿಲ್ಲ. ಕೊಡೆರಾಯ ಅದನ್ನೇ ಪಾಸಾಯಿತೆಂದು ಬಗೆದು ಎಂಟು ದಿನದ ರಜೆ ಚೀಟಿ ಬರೆದ. ಮ್ಯಾನೇಜರಿಗೆ ರಜೆ ಚೀಟಿ ನೋಡಿ ಗಾಬರಿಯಾಯಿತಂತೆ: "ಮನೇಲಿ ಎಲ್ಲ ಆರಾಮ ತಾನೇ?"

ಮಗಳ ಮನೆಯಲ್ಲಿ ನಡೆದದ್ದನ್ನು ನನಗೆ ಹೇಳಿದವಳು ಅವನ ಹೆಂಡತಿ. "ಅಣ್ಣಾ, ಕೂಸು ಇವರ ತೋರುಬೆರಳು ಹಿಡ್ಕೊಂಡು ನಿದ್ದೆ ಹೋಯ್ತು. ಬಿಡಿಸ್ಕೊಂಡು ಊಟಕ್ಕೆ ಬನ್ನಿ ಅಂದ್ರೆ, ಬರೋಲ್ಲ. ಒಂದೂವರೆ ಗಂಟೆ ಕೂತಿದ್ರು. ಹಿಡಿದಿದ್ದನ್ನ ಬಿಡಿಸೋಕೆ ಈ ಮನುಷ್ಯ ಹೋಗದೇ ಇದ್ದಿದ್ದು ನಾನು ಅದೇ ಮೊದಲು ನೋಡಿದ್ದು." ಹೀಗೆ ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನೆಗಡಿ ಎಂದಳು.

ಒಂಬತ್ತನೆಯ ದಿನ ಕೊಡೆರಾಯ ಏಳೂಕಾಲಿಗೆ ಓಣಿಗೆ ಹೋದರೆ ಬಾಗಿಲಲ್ಲಿ ಬೇರೆಯೇ ಬೀಗ. ಹೊಚ್ಚ ಹೊಸದು, ಥಳಥಳ. ಪಕ್ಕದಲ್ಲೇ ಮ್ಯಾನೇಜರು ನಿಂತಿದ್ದರು, ಅವರ ಮುಖ ಸಣ್ಣಗಾಗಿತ್ತು. ಹೊಸ ಬೀಗ ತೆಗೆದು, ಕೋಣೆಯೊಳಗೆ ಕರೆದು ಬಾಗಿಲು ಮುಂದೆ ಮಾಡಿದರು.

"ನಿಮಗೆ ಹೇಗೆ ಹೇಳಲಿ ಗೊತ್ತಾಗ್ತಿಲ್ಲ ರಾಯರೇ. ನೀವು ಹೋದ ದಿನವೇ ಆ ಗುಮಾಸ್ತ ಅರ್ಧ ಗಂಟೆ ಒದ್ದಾಡಿ, ಬರ್ತಿಲ್ಲ ಸಾರ್ ಅಂತ ಬಂದ. ನಾನು ಲಕೋಟೆ ಮುದ್ರೆ ಒಡೆದು ಕೀಲಿಕೈ ತಂದು ಹಾಕಿದೆ. ತಿರುಗಲಿಲ್ಲ. ಒಂದು ಸ್ವಲ್ಪ ಜೋರು ಮಾಡಿದೆ, ಅಷ್ಟೇ. ಒಳಗೇ ಮುರಿದುಹೋಯ್ತು."

"ಆಮೇಲೆ ಸಾರ್?"

"ಮೆಕ್ಯಾನಿಕ್ ಬಂದು ದೊಡ್ಡ ಕತ್ತರಿ ಹಾಕಿದ. ಎರಡು ಸೆಕೆಂಡು. ಇಷ್ಟು ವರ್ಷ ನಿಮ್ಮ ಕೈಯಲ್ಲಿ ಹೂವಿನ ಹಾಗೆ ಇದ್ದ ಬೀಗ, ನನ್ನ ಕೈ ತಾಗಿದ್ದೇ ಹಾಳಾಯ್ತು. ಹೆಡ್ಡಾಫೀಸಿಗೆ ನನ್ನದೇ ತಪ್ಪು ಅಂತ ಬರೆದಿದೀನಿ. ಶುಕ್ರವಾರದ ಟಪಾಲಿಗೆ ಹೋಗುತ್ತೆ. ಮೂವತ್ತೊಂದು ವರ್ಷದಲ್ಲಿ ನನ್ನ ಕಡತದಲ್ಲಿ ಒಂದು ಚುಕ್ಕೆ ಇರಲಿಲ್ಲ."

ಹದಿನಾಲ್ಕು ತಿಂಗಳು ಇವನು ಮಂಡಿ ಸವೆಸಿ ಕಾಪಾಡಿದ ಗುಟ್ಟು ಮುಗಿಯಲು ಬೇಕಾದದ್ದು ಎರಡು ಸೆಕೆಂಡು. ಅದೂ ಇನ್ನೊಬ್ಬರ ತಲೆಯ ಮೇಲೆ ಹೋಯಿತು. ಇಷ್ಟು ಅಗ್ಗಕ್ಕೆ ಪಾರಾದವರನ್ನು ನಾನು ಕಂಡಿಲ್ಲ. ಸುಮ್ಮನೆ ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಇವನೂ ಹೂಂ ಎಂದೇ ತನ್ನ ಕುರ್ಚಿಗೆ ಹೋಗಿ ಕೂತ.

ಕೂತವನ ಕಣ್ಣಿಗೆ ಮೊದಲು ಬಿದ್ದದ್ದು ಎರಡನೆಯ ಕಪಾಟಿನ ಮೇಲಿದ್ದ ಕತ್ತರಿಸಿದ ಬೀಗ. ಕೊರಳಿಗೆ ರಟ್ಟಿನ ಚೀಟಿ. ಕಸ ಗುಡಿಸುವವಳಿಗೆ ಅದು ಅಂಗಳದಲ್ಲಿ ಸಿಕ್ಕಿತ್ತು. ಡಿಪೋದಲ್ಲಿ ಬಿದ್ದು ಸಿಕ್ಕಿದ ಸಾಮಾನು ಎಲ್ಲಿ ಸೇರಬೇಕೋ ಅಲ್ಲಿಗೆ ತಂದುಕೊಟ್ಟಿದ್ದಳು. ಪದ್ಧತಿ ಬಿಡದ ಗುಮಾಸ್ತ ಅದನ್ನು ದಫ್ತರಕ್ಕೆ ಏರಿಸಿದ್ದ: 'ಹಿತ್ತಾಳೆ ಬೀಗ ಒಂದು, ಕೊಂಡಿ ತುಂಡಾದದ್ದು. ವಾರಸುದಾರರು ತಿಳಿಯದು.'

ಆ ಸಂಜೆ ನನ್ನ ಮನೆಗೆ ಬಂದ. "ಬಚಾವಾದೆ ಭಾವ" ಎಂದ. ಬಚಾವಾದವನ ಮುಖ ಅಲ್ಲ ಅದು. ಕಾಫಿ ಮುಟ್ಟಲಿಲ್ಲ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಪಾಪ, ಆ ಮನುಷ್ಯ ಅದನ್ನ ಮುಟ್ಟಿದ್ದು ಒಂದೇ ಸಲ" ಎಂದ. ಮ್ಯಾನೇಜರಿಗೆ ಹೇಳಿಬಿಡು ಎಂದ ನನ್ನ ಹಳೆಯ ಸಲಹೆ ಇನ್ನೂ ಹಾಗೇ ಇತ್ತು, ಬಳಸದೆ.

ಗುರುವಾರ ಬೆಳಗ್ಗೆ ಕೊಡೆರಾಯ ದಫ್ತರವನ್ನು ಬಗಲಿಗಿಟ್ಟು, ಬೀಗವನ್ನು ಅಂಗೈಯಲ್ಲಿ ಹಿಡಿದು ಮ್ಯಾನೇಜರ ಮೇಜಿನ ಮುಂದೆ ನಿಂತ.

"ಏನ್ರೀ?"

"ಈ ಸಾಮಾನಿನ ವಾರಸುದಾರ ಸಿಕ್ಕಿದಾನೆ ಸಾರ್. ಗುರುತು ನೋಡಿ ನೀವು ಸಹಿ ಹಾಕಬೇಕು. ನನ್ನ ಸಾಮಾನಿಗೆ ನಾನೇ ಸಹಿ ಹಾಕೋ ಹಾಗಿಲ್ಲ."

ಮ್ಯಾನೇಜರು ಕನ್ನಡಕ ಏರಿಸಿ ಓದಿದರು. ಇವನ ದುಂಡು ಅಕ್ಷರದಲ್ಲಿ ಬರೆದಿತ್ತು: 'ಗುರುತು: ಕೊಂಡಿಯ ತೂತಿನೊಳಗಿನ ತಿರುಪಿಗೆ ತಲೆ ಸವೆದಿದೆ. ಒಳಗೆ ಐದು ಪಿನ್ನು, ಅದರಲ್ಲಿ ನಾಲ್ಕಕ್ಕೆ ನಡು ಸಣ್ಣ. ಕೀಲಿಕೈಗೆ ತಿರುಗದೆ ಹದಿನಾಲ್ಕು ತಿಂಗಳಾಯಿತು. ಹಾಳುಮಾಡಿದವನು ನಾನು.'

ಅವರು ಬೀಗವನ್ನು ಕಿಟಕಿಯ ಬೆಳಕಿಗೆ ಹಿಡಿದು ತೂತಿನೊಳಗೆ ಬಗ್ಗಿ ನೋಡಿದರು. ತಲೆಯಿಲ್ಲದ ತಿರುಪು ಇತ್ತು.

"ಹದಿನಾಲ್ಕು ತಿಂಗಳು ದಿನಾ ಹೇಗೆ ತೆರೀತಿದ್ರಿ?"

ಕೊಡೆರಾಯ ಜೇಬಿನಿಂದ ವೈಪರಿನ ಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟ.

"ನಾನು ನಿಮಗೆ ಪ್ರಶಸ್ತಿ ಕೊಟ್ಟೆನಲ್ರೀ."

"ಹೂಂ ಸಾರ್."

"ಹತ್ತು ದಿನದಿಂದ ನನಗೆ ಊಟ ಸೇರಿಲ್ಲ."

"ನನಗೆ ಹದಿನಾಲ್ಕು ತಿಂಗಳಿಂದ ಸಾರ್."

ಮ್ಯಾನೇಜರು ಡ್ರಾಯರಿನಿಂದ ಹೆಡ್ಡಾಫೀಸಿಗೆ ಬರೆದ ಕಾಗದ ತೆಗೆದು ನಾಲ್ಕು ತುಂಡು ಮಾಡಿದರು. ದಫ್ತರದಲ್ಲಿ 'ಗುರುತು ಸರಿ ಇದೆ, ಸಾಮಾನು ಕೊಡಲಾಗಿದೆ' ಎಂದು ಬರೆದು ಸಹಿ ಹಾಕಿದರು. ಪ್ರಶಸ್ತಿ ಪತ್ರ ವಾಪಸು ತನ್ನಿ ಎಂದರು. ಅದನ್ನು ತರಲಾಗುವುದಿಲ್ಲ, ಅಡುಗೆಮನೆಯ ಕಿಟಕಿಯ ಒಡೆದ ಗಾಜಿನ ಜಾಗಕ್ಕೆ ಹೆಂಡತಿ ಅದನ್ನು ಮೊಳೆ ಹೊಡೆದು ಕೂರಿಸಿದ್ದಾಳೆ, ತೆಗೆದರೆ ಒಲೆ ಆರುತ್ತದೆ ಎಂದು ಇವನು ವಿನಯದಿಂದ ಹೇಳಿದ. ಕೊನೆಗೆ ಮ್ಯಾನೇಜರು ಶಿಕ್ಷೆ ಬರೆದರು: ವಾರದ ರಜೆಯನ್ನು ಇನ್ನು ತಪ್ಪದೆ ತೆಗೆದುಕೊಳ್ಳತಕ್ಕದ್ದು, ಕೂಡಿಹಾಕಿದ ಮೂವತ್ತೇಳು ದಿನದ ರಜೆಯನ್ನು ಈ ವರ್ಷವೇ ಮುಗಿಸತಕ್ಕದ್ದು, ಇಲಾಖೆಯ ಯಾವುದೇ ಬೀಗವನ್ನು ಕೀಲಿಕೈಯ ಹೊರತು ಬೇರಾವುದರಿಂದಲೂ ಮುಟ್ಟತಕ್ಕದ್ದಲ್ಲ.

ಹೊಸ ಬೀಗದಲ್ಲಿ ಕಳ್ಳಪಿನ್ನು ಇದೆಯೋ ಇಲ್ಲವೋ ತನಗೆ ಗೊತ್ತಿಲ್ಲ, ನೋಡಲೂ ಇಲ್ಲ ಎನ್ನುತ್ತಾನೆ. ನಾನು ಗುರುತು ಕೇಳಲು ಹೋಗಿಲ್ಲ.

ಮೊನ್ನೆ ಅವನ ಹೆಂಡತಿ ಮಗಳ ಊರಿಗೆ ಮೂರನೆಯ ಸಲ ಹೊರಟು, ಚೀಲ ಹೆಗಲಿಗೇರಿಸಿಕೊಂಡು ನಮ್ಮ ಮನೆಗೆ ಹೇಳಿಹೋಗಲು ಬಂದಿದ್ದಳು. ಹಿಂದೆ ಕೊಡೆರಾಯ, ಕೈಯಲ್ಲಿ ಎರಡು ಕೊಡೆ.

"ಅಣ್ಣಾ, ಇನ್ನು ಆರೇ ದಿನ ಉಳಿದಿದೆ ಶಿಕ್ಷೆ" ಎಂದಳು. "ಮುಗೀತಾ ಬಂದರೆ ಹೇಳ್ತೀನಿ, ಇವರು ಕೆಡಿಸೋಕೆ ಇನ್ನೊಂದು ಬೀಗ ನೋಡಿಡಿ."